ಗೊಲ್ಲಾಳಪ್ಪನ ಮೆಟ್ಟಿಲು, ಸುವಕ್ಕನ ಗಾಲಿ

ಅಕ್ಕಲಕೋಟದಲ್ಲಿ ಯಾರ ಮನೆಯ ಮಿಕ್ಸರ್ ಕೆಟ್ಟರೂ ಅದು ಕೊನೆಗೆ ಬಂದು ಸೇರುವುದು ಸುವಕ್ಕನ ಅಂಗಡಿಗೇ. ಎಸ್.ಟಿ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳದೊಂದು ತಗಡಿನ ಶೆಡ್ಡು. ಒಳಗೆ ಉದ್ದಕ್ಕೆ ಒಂದು ಟೇಬಲ್ಲು, ಗಾಲಿಖುರ್ಚಿಯಲ್ಲಿ ಕುಳಿತವಳ ಕೈಗೆ ಸರಿಯಾಗುವ ಎತ್ತರದ್ದು. ಗಿರಾಕಿಗಳು ಬಗ್ಗಿ ಮಾತಾಡಬೇಕು. ಚಪಳಗಾಂವ, ಕುರನೂರ, ಕರಜಗಿಯ ಹೆಂಗಸರು ಮಿಕ್ಸರನ್ನು ವಾಯರ್ ಚೀಲದಲ್ಲಿ ಹಾಕಿಕೊಂಡು ಬಸ್ಸಿಳಿದು ಬರುತ್ತಾರೆ, ಬಗ್ಗಿ ನಿಲ್ಲುತ್ತಾರೆ, ಬೈಸಿಕೊಳ್ಳುತ್ತಾರೆ. ಶೇಂಗಾ ಚಟ್ನಿ ಮಾಡಿ ಮಾಡಿ ಮೋಟಾರು ಸುಡದ ಮನೆ ನಮ್ಮ ಕಡೆ ಇಲ್ಲ. ಒರಳಿನಲ್ಲಿ ಕುಟ್ಟಬೇಕಾದದ್ದನ್ನು ಇದರಲ್ಲಿ ಯಾಕೆ ಹಾಕಿದಿರಿ ಎಂದು ಸುವಕ್ಕ ಕೇಳುವ ಧಾಟಿಗೆ, ಅತ್ತೆಗೂ ಎದುರು ಮಾತಾಡುವ ಹೆಂಗಸರು ಸೆರಗು ಸರಿಮಾಡಿಕೊಂಡು ಸುಮ್ಮನಾಗುತ್ತಾರೆ. ಬೈದು ಮುಗಿದ ಮೇಲೆಯೇ ಅವಳು ಸ್ಕ್ರೂ ಬಿಚ್ಚುವುದು. ರಿಪೇರಿ ಆದ ಮೇಲೆ ಸ್ವಿಚ್ ಒತ್ತುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚುತ್ತಾಳೆ. ಅದು ಅವಳ ಪ್ರಾರ್ಥನೆ. ಮಿಕ್ಸರ್ ಗುರ್ ಎಂದ ಕೂಡಲೇ ಕಣ್ಣು ತೆರೆದು ಮತ್ತೆ ಒಂದಿಷ್ಟು ಬೈಯುತ್ತಾಳೆ.

ನಾನು ಇಲ್ಲಿಯ ಕೋರ್ಟಿನಲ್ಲಿ ಕಾರಕೂನಳಾಗಿ ಫೈಲು ಕಟ್ಟುತ್ತಲೇ ಕೂದಲು ಹಣ್ಣಾದವಳು. ಹೆಸರು ಮುಕ್ತಾ. ಹಣೆಗೆ ವಿಭೂತಿ ಹಚ್ಚುವ ಮನೆತನ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲ ಸಲ ಮಿಕ್ಸರ್ ಒಯ್ದಾಗ ಅವಳು ನನ್ನನ್ನು ಬೈದಳು, ನಾನು ಅವಳನ್ನು ಬೈದೆ, ಆಮೇಲೆ ಇಬ್ಬರೂ ಚಹಾ ಕುಡಿದೆವು. ಹಾಗೆ ಶುರುವಾದ ಸ್ನೇಹ. ನಾನು ಅವಳಿಗಿಂತ ಹತ್ತು ವರ್ಷವಾದರೂ ದೊಡ್ಡವಳು, ಆದರೂ ಊರೆಲ್ಲ ಕರೆಯುವ ಹಾಗೆ ಸುವಕ್ಕ ಎಂದೇ ಕರೆಯುತ್ತೇನೆ. ಪೂರ್ತಿ ಹೆಸರು ಸುವಾರ್ತಾ. ಕ್ರೈಸ್ತರ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಅವಳಪ್ಪ ಯೋಹಾನಪ್ಪ ಇಟ್ಟ ಹೆಸರು.

ಯೋಹಾನಪ್ಪ ಸೊಲ್ಲಾಪುರದ ಗಿರಣಿಯಲ್ಲಿ ಮಗ್ಗದ ಖಾತೆಯಲ್ಲಿದ್ದರಂತೆ. ಗಿರಣಿ ಮುಚ್ಚಿದ ಮೇಲೆ ಹೆಂಡತಿಯ ಊರಾದ ಅಕ್ಕಲಕೋಟಕ್ಕೆ ಬಂದರು. ಮಗಳು ಹುಟ್ಟಿದ್ದು ಇಲ್ಲೇ. ಅವಳು ಆಗಷ್ಟೇ ಗೋಡೆ ಹಿಡಿದು ಹೆಜ್ಜೆ ಹಾಕುತ್ತಿದ್ದಾಗ ಜ್ವರ ಬಂತು, ಜ್ವರ ಇಳಿಯುವಾಗ ಎರಡೂ ಕಾಲಿನ ಶಕ್ತಿಯನ್ನು ಒಯ್ದಿತು. ಅವಳು ಕೈಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ಓಣಿಯೆಲ್ಲ ತಿರುಗುತ್ತಿದ್ದಳು. ರವಿವಾರ ಮಾತ್ರ ಅಪ್ಪ ಅವಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಚರ್ಚಿಗೆ ಹೋಗುತ್ತಿದ್ದರು. ಅಲ್ಲಿಂದ ನೋಡಿದರೆ ಎಲ್ಲರ ತಲೆಯ ಬೈತಲೆ ಕಾಣುತ್ತಿತ್ತು, ಯಾರು ಎಣ್ಣೆ ಹಚ್ಚಿಲ್ಲ ಎನ್ನುವುದು ಗೊತ್ತಾಗುತ್ತಿತ್ತು ಎಂದು ಈಗಲೂ ನಗುತ್ತಾಳೆ. ಆ ಹೆಗಲನ್ನು ನೆನೆಸಿಕೊಂಡಾಗ ಮಾತ್ರ ಅವಳ ದನಿ ಮೆತ್ತಗಾಗುತ್ತದೆ.

ಅವಳ ಮುಂದಿನ ಹಲ್ಲು ಒಂದು ಮುರಿದಿದೆ. ಅದರ ಕತೆ ಕೇಳಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಪ್ಪತ್ತರ ಆಸುಪಾಸಿನ ವಯಸ್ಸು, ಸೊಲ್ಲಾಪುರದ ಒಂದು ರಿಪೇರಿ ಅಂಗಡಿಯಲ್ಲಿ ಕುಳಿತು ಮೋಟಾರು ಸುತ್ತುವುದನ್ನು ಕಲಿಯುತ್ತಿದ್ದಳು. ಅಲ್ಲಿ ಯಾವುದೋ ಮೈದಾನದಲ್ಲಿ ಹೊರಗಿನಿಂದ ಬಂದ ಒಬ್ಬ ಬೋಧಕನ ಸಭೆ. ರೋಗ ವಾಸಿ ಮಾಡುವ ಪ್ರಾರ್ಥನೆ ಎಂದು ಯಾರೋ ಇವಳನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದರು. ವೇದಿಕೆಯ ಮೇಲೆ ಇಬ್ಬರು ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದರು, ಬೋಧಕ ತಲೆಯ ಮೇಲೆ ಕೈಯಿಟ್ಟು ನಡೆ ಎಂದು ಕೂಗಿದ, ಇಬ್ಬರೂ ಕೈಬಿಟ್ಟರು. ಮುಖ ಅಡಿಯಾಗಿ ಬಿದ್ದಳು. ಈ ಹುಡುಗಿಯ ವಿಶ್ವಾಸ ಸಾಲದು ಎಂದು ಆತ ಜನರಿಗೆ ಹೇಳಿ ಮುಂದಿನವರನ್ನು ಕರೆದ. ಅವಳು ಬಾಯಿಯ ರಕ್ತ ಒರೆಸಿಕೊಂಡು, ಕೈ ಮೇಲೆ ತೆವಳಿಕೊಂಡು ಹೋಗಿ, ಆತನ ಧೋತರದಂಥ ಬಿಳಿ ಪ್ಯಾಂಟು ಜಗ್ಗಿ, ನಾನು ಕಾಲು ಕೇಳಲು ಬಂದಿದ್ದೇನೆ ಎಂದು ನಿಮಗೆ ಯಾರು ಹೇಳಿದರು ಎಂದು ವಿಚಾರಿಸಿದಳಂತೆ.

ಇಷ್ಟಾದ ಮೇಲೂ ನೀನು ಚರ್ಚಿಗೆ ಹೋಗುತ್ತೀಯಲ್ಲ ಎಂದು ನಾನು ಕೇಳಿದ್ದೆ. ಅವಳು ಕೈಯಲ್ಲಿದ್ದ, ಮೋಟಾರಿನೊಳಗೆ ತಿರುಗುವ ಆರ್ಮೇಚರನ್ನು ಬೆಳಕಿಗೆ ಹಿಡಿದು ನೋಡುತ್ತ ಹೇಳಿದಳು.

“ಆ ಬೋಧಕ ಬಿಟ್ಟಾನ ಕೈ. ದೇವರ ಬಿಟ್ಟಿಲ್ಲ. ಇಬ್ಬರನ್ನೂ ಯಾಕ ಒಂದ ಚೀಲದಾಗ ಹಾಕ್ತೀರಿ, ಮುಕ್ತಾಬಾಯಿ?”

ಊರ ಅಂಚಿನಲ್ಲಿ, ಕರಿಕಲ್ಲಿನ ಸಣ್ಣ ಚರ್ಚು ಅದು. ಉಪಾಸನೆ ಕನ್ನಡದಲ್ಲಿ, ಹಾಡುಗಳು ಅರ್ಧ ಮರಾಠಿಯಲ್ಲಿ. ಎರಡು ಕಂಬಗಳ ನಡುವೆ ಮುಂಬಾಗಿಲು, ಬಾಗಿಲಿಗೆ ಮೂರು ಎತ್ತರದ ಕಲ್ಲಿನ ಮೆಟ್ಟಿಲು. ಅಪ್ಪ ತೀರಿಕೊಂಡ ಮೇಲೆ ಸುವಕ್ಕ ಆ ಮೆಟ್ಟಿಲಿನ ಕೆಳಗೆ ಗಾಲಿಖುರ್ಚಿ ನಿಲ್ಲಿಸಿದಳು, ನಾಲ್ಕು ಜನ ಬಂದು ಖುರ್ಚಿಯ ನಾಲ್ಕು ಕಡೆ ಹಿಡಿದು ಎತ್ತಿ ಒಳಗಿಟ್ಟರು. ಅಂದಿನಿಂದ ಅದೇ ಪದ್ಧತಿಯಾಯಿತು. ನಾಲ್ವರಲ್ಲಿ ಮೂವರು ಬದಲಾಗುತ್ತಿದ್ದರು. ಬದಲಾಗದಿದ್ದವರು ವಿಶ್ವಾಸ ಮಾಸ್ತರರು. ನಮ್ಮ ಕನ್ನಡ ಶಾಲೆಯಿಂದ ನಿವೃತ್ತರಾದವರು, ಚರ್ಚಿನ ಪಂಚರಲ್ಲಿ ಹಿರಿಯರು, ಇಸ್ತ್ರಿ ಮಾಡಿದ ಅಂಗಿಯ ತೋಳನ್ನು ಪ್ರತಿ ರವಿವಾರ ಸುವಕ್ಕನಿಗಾಗಿ ಮಡಚುವವರು. ಅವರ ಮನಸ್ಸಿನಲ್ಲಿ ಕಳಂಕವಿರಲಿಲ್ಲ. ನನಗೆ ಮಾಸ್ತರರ ಮೇಲೆ ಎಷ್ಟೇ ಸಿಟ್ಟು ಬಂದಿದ್ದರೂ ಇದನ್ನು ಹೇಳಲೇಬೇಕು, ಅಷ್ಟು ವರ್ಷಗಳಲ್ಲಿ ಅವರ ಕೈ ಒಮ್ಮೆಯೂ ಜಾರಲಿಲ್ಲ.

ಆದರೆ ಅವರಿಗೆ ಕಾಣದ ಒಂದು ಸಂಗತಿ ನನಗೆ ಕಂಡಿತ್ತು. ಸುವಕ್ಕ ರವಿವಾರ ಸೀರೆಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು, ಸೆರಗಿಗಲ್ಲ, ಕೆಳಗೆ ಪಾದದ ಹತ್ತಿರ, ಸುತ್ತಲೂ. ಖುರ್ಚಿ ಹಿಂದಕ್ಕೆ ವಾಲಿದಾಗ ಸೀರೆ ಮೇಲೆ ಸರಿಯಬಾರದು ಎಂದು. ದೇವರ ಮನೆಗೆ ಹೋಗುವವಳು ಹೂವು ಮುಡಿಯುವುದನ್ನು ಮರೆತರೂ ಆ ಪಿನ್ನುಗಳನ್ನು ಮರೆಯುತ್ತಿರಲಿಲ್ಲ. ಒಳಗೆ ಹೋದ ಮೇಲೂ ಅವಳ ಜಾಗ ಬಾಗಿಲ ಪಕ್ಕ, ಹಿಂದೆ. ಅವರ ಚರ್ಚಿನಲ್ಲಿ ತಿಂಗಳ ಮೊದಲ ರವಿವಾರ ಪ್ರಭುಭೋಜನ. ಎಲ್ಲರೂ ಮುಂದೆ ಹೋಗಿ, ಮರದ ಕಟಕಟೆಯ ಎದುರು ಸಾಲಾಗಿ ಮಂಡಿಯೂರುತ್ತಾರೆ, ಪಾಳಕರು ರೊಟ್ಟಿಯ ತುಣುಕು, ದ್ರಾಕ್ಷಾರಸ ಕೊಡುತ್ತಾ ಹೋಗುತ್ತಾರೆ. ಪಾಳಕರೆಂದರೆ ಅವರ ಗುರುಗಳು. ಎಲ್ಲರದೂ ಮುಗಿದ ಮೇಲೆ ಅವರು ತಾಟು ಹಿಡಿದು ಹಿಂದೆ ಬಂದು ಸುವಕ್ಕನಿಗೆ ಕೊಡುತ್ತಿದ್ದರು. ಸಭೆಯೆಲ್ಲ ಕತ್ತು ತಿರುಗಿಸಿ ನೋಡುತ್ತಿತ್ತು. ಅವಳು ಇದಕ್ಕೂ ಎಂದೂ ಏನೂ ಅಂದಿರಲಿಲ್ಲ.

ಎರಡು ವರ್ಷದ ಹಿಂದೆ ಸೊಲ್ಲಾಪುರದಿಂದ ಹೊಸ ಪಾಳಕರು ಬಂದರು. ಆಶಿಷ ಎಂದು ಹೆಸರು, ಎಳೆಯ ವಯಸ್ಸು, ಒಳ್ಳೆಯದನ್ನು ಮಾಡಬೇಕೆಂದು ಕೈ ತುರಿಸುವ ಪೈಕಿ. ಅವರ ಬೈಬಲ್ಲಿನಲ್ಲಿ ಒಂದು ಕತೆಯಿದೆ. ಪಾರ್ಶ್ವವಾಯು ಬಡಿದವನೊಬ್ಬನನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಯೇಸು ಇರುವ ಮನೆಯ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ನಾಲ್ವರೂ ಮಾಳಿಗೆ ಹತ್ತಿ, ಮಣ್ಣು ಬಗೆದು, ಅವನನ್ನು ಹಾಸಿಗೆ ಸಮೇತ ಯೇಸುವಿನ ಎದುರಿಗೆ ಇಳಿಸುತ್ತಾರೆ. ಆ ಕತೆ ಓದುವ ರವಿವಾರ ಆಶಿಷ ಪಾಳಕರು ಖುರ್ಚಿ ಹೊರುವ ನಾಲ್ವರನ್ನೂ ಮುಂದೆ ಕರೆದು ಶಾಲು ಹೊದಿಸಿದರು. ಪಕ್ಕದಲ್ಲಿ ಸುವಕ್ಕನನ್ನೂ ಇರಿಸಿದರು. ಚಪ್ಪಾಳೆಯಾಯಿತು. ಸಾಲದ್ದಕ್ಕೆ, ನಾಲ್ವರು ಖುರ್ಚಿ ಎತ್ತಿದ ಫೋಟೋ ತೆಗೆಸಿ, ದೊಡ್ಡ ಫ್ಲೆಕ್ಸ್ ಮಾಡಿಸಿ, ಮಾಸ್ತರರನ್ನು ಮುಂದೆ ನಿಲ್ಲಿಸಿ ರಸ್ತೆಯ ಕಡೆಯ ಗೋಡೆಗೆ ಕಟ್ಟಿಸಿದರು. ಮೇಲೆ ದಪ್ಪಕ್ಷರದಲ್ಲಿ ‘ಪ್ರೀತಿಯ ಹೊರೆ’ ಎಂದು ಬರೆಸಿದ್ದರು.

ನಾನು ಕೋರ್ಟಿಗೆ ಹೋಗುವ ದಾರಿ ಅದೇ. ಫ್ಲೆಕ್ಸ್ ನೋಡಿ ನಿಂತೆ. ಫೋಟೋ ತೆಗೆದಾಗ ಯಾವುದೋ ಒಂದು ಪಿನ್ನು ಕಳಚಿರಬೇಕು. ಸೀರೆ ಒಂದು ಕಡೆ ಮೇಲೆ ಸರಿದು, ಕೋಲಿನಷ್ಟು ಸಣ್ಣ ಕಾಲು ಮೊಣಕಾಲಿನವರೆಗೆ ಕಾಣುತ್ತಿತ್ತು. ಬಸ್ಸಿನವರು, ರಿಕ್ಷಾದವರು, ಕೋರ್ಟಿನ ಕಕ್ಷಿದಾರರು ಎಲ್ಲರೂ ನೋಡುವ ರಸ್ತೆ. ಯಾರೂ ಕೆಟ್ಟ ಮನಸ್ಸಿನಿಂದ ಹಾಕಿದ್ದಲ್ಲ, ಹಾಕಿದ ಇಷ್ಟು ಮಂದಿಯಲ್ಲಿ ಒಬ್ಬರಿಗೂ ಆ ಕಾಲು ಕಾಣಲಿಲ್ಲ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಸುವಕ್ಕ ಆ ದಿನ ಅಂಗಡಿ ತೆರೆಯಲಿಲ್ಲ.

ಮುಂದಿನ ರವಿವಾರ ನಾನು ಬೇಕೆಂದೇ ಅವಳ ಜೊತೆ ಹೋದೆ. ಮೆಟ್ಟಿಲ ಕೆಳಗೆ ಖುರ್ಚಿ ನಿಂತಿತು. ಮಾಸ್ತರರು ತೋಳು ಮಡಚುತ್ತ ಇಳಿದು ಬಂದರು, ಉಳಿದ ಮೂವರೂ ಬಂದರು. ಸುವಕ್ಕ ಗಾಲಿಯ ಎರಡೂ ಬ್ರೇಕು ಹಾಕಿದಳು.

“ಇವತ್ತಿಂದ ಬ್ಯಾಡ್ರಿ, ಮಾಸ್ತರ್ರ. ನಾಲ್ಕ ಮಂದಿ ನನ್ನ ಒಂದ ಸಲ ಹೊತ್ತರ ಸಾಕು. ಅದಕ್ಕ ಇನ್ನೂ ಟೈಮ್ ಐತಿ.”

ಸಿಟ್ಟಿನಿಂದ ಹೇಳಿರಲಿಲ್ಲ. ಮೆಲ್ಲಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದಳು. ಮಾಸ್ತರರ ಮುಖ ಕಪ್ಪಿಟ್ಟಿತು. ಒಳಗೆ ಹಾಡು ಶುರುವಾಗಿತ್ತು, ಅವರು ಒಳಗೆ ಹೋದರು. ಅವಳು ಖುರ್ಚಿ ತಿರುಗಿಸಿ ಅಂಗಳದ ಬೇವಿನ ಗಿಡದ ಕೆಳಗೆ ಬಂದಳು. ನಾನಾಗಿ ಹತ್ತುವ ಹಾಗಾದಾಗ ಒಳಗೆ ಹೋಗುತ್ತೇನೆ, ಅಲ್ಲಿಯವರೆಗೆ ಇದೇ ನನ್ನ ಜಾಗ ಎಂದಳು. ಕಿಟಕಿಯಿಂದ ಕೇಳುವ ಹಾಡಿಗೆ ಹೊರಗಿನಿಂದ ದನಿ ಕೂಡಿಸಿದಳು. ಅವಳ ದನಿ ಸಣ್ಣದಲ್ಲ, ಒಳಗಿನವರು ತಾಳ ತಪ್ಪಿದರು.

ಇದು ಸಣ್ಣ ಹಟ ಎಂದು ಮೊದಲು ಎಲ್ಲರಿಗೂ ಅನ್ನಿಸಿತು. ತಿಂಗಳ ಮೊದಲ ರವಿವಾರ ಬಂದಾಗ ಹಾಗಲ್ಲ ಎಂದು ಗೊತ್ತಾಯಿತು. ಒಳಗೆಲ್ಲ ಮುಗಿಸಿ ಆಶಿಷ ಪಾಳಕರು ತಾಟು ಹಿಡಿದು ಅಂಗಳಕ್ಕೆ ಬಂದರು. ಅವಳು ಕೈ ಮುಗಿದಳು, ಆದರೆ ಚಾಚಲಿಲ್ಲ.

“ಊಟಕ್ಕ ಕರದು ಅಂಗಳದಾಗ ತಾಟ ಇಡತಾರೇನ್ರಿ, ಪಾಳಕಸಾಹೇಬ್ರ? ನಮ್ಮಜ್ಜಿಗಿ ಊರಾಗ ಹಂಗ ಇಡತಿದ್ರು. ಅದನ್ನ ಬಿಟ್ಟು ಆಕಿ ಈ ಚರ್ಚಿಗಿ ಬಂದಾಳ.”

ಪಾಳಕರು ತಾಟು ಹಿಡಿದು ತಲೆ ತಗ್ಗಿಸಿ ಒಳಗೆ ಹೋದರು. ಅವರ ಬೆನ್ನು ಮರೆಯಾಗುವವರೆಗೂ ಸುವಕ್ಕ ಗಟ್ಟಿಯಾಗಿದ್ದಳು. ಮರೆಯಾದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವಳು ಬಿಟ್ಟದ್ದು ಎಂಥದ್ದು ಎಂದು ನನ್ನಂಥವಳಿಗೂ ಆಗ ತಿಳಿಯಿತು. ಹುಟ್ಟಿದಾಗಿನಿಂದ ನಂಬಿದ ದೇವರ ಊಟ ಅದು. ಬರುವುದಾದರೆ ತಾನಾಗಿ ಬಂದು ಎಲ್ಲರ ಸಾಲಿನಲ್ಲಿ ತಿನ್ನುತ್ತೇನೆ, ಇಲ್ಲವಾದರೆ ಹಸಿದಿರುತ್ತೇನೆ ಎಂದು ಅವಳು ತೀರ್ಮಾನ ಮಾಡಿದ್ದಳು.

ಆ ವಾರವೇ ಪಾಳಕರು ಅಂಗಡಿಗೆ ಬಂದರು. ಬರಲು ನೆಪ ಬೇಕಲ್ಲ, ಚೆನ್ನಾಗಿಯೇ ಇದ್ದ ತಮ್ಮ ಮಿಕ್ಸರನ್ನು ಎತ್ತಿಕೊಂಡು ಬಂದಿದ್ದರು. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಸುವಕ್ಕ ಅದನ್ನು ಒಮ್ಮೆ ತಿರುಗಿಸಿ ನೋಡಿ ಬದಿಗಿಟ್ಟಳು. ಪಾಳಕರು ನಾಲ್ವರ ಪ್ರೀತಿಯ ವಿಷಯ ತೆಗೆದರು, ಅವರಿಗೆ ನೋವಾಗಿದೆ ಎಂದರು, ಸೇವೆ ಮಾಡಿಸಿಕೊಳ್ಳುವುದೂ ಒಂದು ದೀನತೆ ಎಂದರು. ಕೊನೆಗೆ ಆ ಮಾಳಿಗೆಯ ಕತೆಯನ್ನೂ ನೆನಪಿಸಿದರು. ಅದೇ ಅವರು ಮಾಡಿದ ತಪ್ಪು.

“ಸಾಹೇಬ್ರ, ಅವರು ಹೊತ್ತಿದ್ದಷ್ಟ ನೋಡೀರಿ ನೀವು. ಬಾಗಲಾ ಸಿಗಲಿಲ್ಲಂತ ಅವರು ಮಂದಿ ಮನಿ ಮಾಳಗಿ ಬಗದರು. ನಿಮಗ ನಿಮ್ಮ ಚರ್ಚಿಂದ ಮೂರು ಮೆಟ್ಟಲಾ ಬಗಿಯಾಕ ಆಗವಲ್ದೇನು?”

ಆಶಿಷ ಪಾಳಕರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಅವರು ವಾದ ಮಾಡಲಿಲ್ಲ. ಇಷ್ಟು ವರ್ಷ ಓದಿದ್ದೇನೆ, ಮಾಳಿಗೆ ನನಗೆ ಕಂಡೇ ಇರಲಿಲ್ಲ ಎಂದರು. ಸಂಜೆಯೇ ಹೋಗಿ ಫ್ಲೆಕ್ಸ್ ಬಿಚ್ಚಿಸಿದರು. ಸುವಕ್ಕ ಅದನ್ನು ಕೇಳಿ ಇಸಿದುಕೊಂಡು, ಚಿತ್ರ ಕೆಳಗೆ ಮಾಡಿ ತನ್ನ ಶೆಡ್ಡಿಗೆ ಹೊದಿಸಿದಳು. ಆ ವರ್ಷ ಶೆಡ್ಡು ಸೋರಲಿಲ್ಲ.

ಪಂಚರ ಸಭೆಯಲ್ಲಿ ಪಾಳಕರು ಮೆಟ್ಟಿಲು ತೆಗೆದು ಇಳಿಜಾರು ಮಾಡೋಣ ಎಂದಾಗ ಬಹುತೇಕ ಎಲ್ಲರೂ ಹೂಂ ಎಂದರಂತೆ. ಆಗ ವಿಶ್ವಾಸ ಮಾಸ್ತರರು ಎದ್ದು ನಿಂತರು. ಮೇಲಿನ ಮೆಟ್ಟಿಲಿನ ಕಲ್ಲಿನಲ್ಲಿ ‘ಕರಜಗಿ ಗೊಲ್ಲಾಳಪ್ಪ’ ಎಂಬ ಕೆತ್ತನೆಯಿದೆ. ಅವರ ಅಜ್ಜನ ಹೆಸರು. ಕರಜಗಿಯಲ್ಲಿ ಕುರಿ ಕಾಯುತ್ತಿದ್ದು, ಮನೆತನದಲ್ಲಿ ಮೊದಲು ಕ್ರೈಸ್ತರಾದವರು. ತಮ್ಮ ಹೊಲದ ಅಂಚಿನ ಕಲ್ಲುಗಳನ್ನು ತಾವೇ ಚಕ್ಕಡಿಯಲ್ಲಿ ಹೇರಿಕೊಂಡು ತಂದು ಈ ಮೆಟ್ಟಿಲು ಮಾಡಿಸಿದವರು. ಆ ಕಲ್ಲು ಕಿತ್ತರೆ ನಾನು ಈ ಅಂಗಳಕ್ಕೆ ಕಾಲಿಡುವುದಿಲ್ಲ ಎಂದು ಮಾಸ್ತರರು ಹೇಳಿದರಂತೆ. ಯಾರಿಗೂ ಎದುರಾಡುವ ಧೈರ್ಯವಾಗಲಿಲ್ಲ. ಕೊನೆಗೆ ಹಿಂದಿನ ಬಾಗಿಲಿಗೆ ಹಲಗೆ ಇಡೋಣ ಎಂದು ಒಂದು ರಾಜಿಯ ಮಾತು ಹುಟ್ಟಿತು. ಆ ಬಾಗಿಲು ಸಾಮಾನಿನ ಕೋಣೆಯದು, ಹಬ್ಬಕ್ಕೆ ಜಮಖಾನೆ, ಬಾಡಿಗೆ ಖುರ್ಚಿ ಒಳಗೆ ಒಯ್ಯುವುದು ಅಲ್ಲಿಂದ. ನಾನು ಜಮಖಾನೆಯಲ್ಲ ಎಂದು ಸುವಕ್ಕ ಹೇಳಿ ಕಳಿಸಿದಳು.

ವಿಷಯ ಅಲ್ಲಿಗೇ ನಿಂತಿತು. ಬೇಸಿಗೆ ಕಳೆಯಿತು, ಮಳೆ ಬಂತು. ಅವಳು ಬೇವಿನ ಗಿಡದ ಕೆಳಗೆ ಕೊಡೆ ಹಿಡಿದು ಕುಳಿತಳು. ಮೊದಲು ನಾನೊಬ್ಬಳೇ ಜೊತೆಗಿದ್ದೆ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಶೇಂಗಾ ಪುಡಿಕೆ. ನನ್ನ ರವಿವಾರ ನನ್ನದು, ಎಲ್ಲಿ ಬೇಕಾದರೂ ಕೂಡುತ್ತೇನೆ. ಆಮೇಲೆ ಒಂದು ದಿನ ಕಾಶೀಬಾಯಿ ಬಂದರು. ಮುದುಕಿ, ಮೊಣಕಾಲು ಹಿಡಿದುಹೋಗಿ ವರ್ಷಗಟ್ಟಲೆ ಚರ್ಚಿಗೆ ಬರುವುದನ್ನೇ ಬಿಟ್ಟಿದ್ದರು. ವಯಸ್ಸಾಯಿತು, ಮನೆಯಲ್ಲೇ ಪ್ರಾರ್ಥನೆ ಮಾಡುತ್ತಾರೆ ಎಂದು ಎಲ್ಲರೂ ತಿಳಿದಿದ್ದರು. ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಅವರು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಆಮೇಲೆ ಶೀತಲ ಎಂಬ ಹೆಂಗಸು ಮಗಳು ಮಂಜರಿಯನ್ನು ಕರೆದುಕೊಂಡು ಬಂದಳು. ಮಾತು ಬಾರದ ಆ ಹುಡುಗಿ ಒಂದು ಕಡೆ ಕೂಡುವುದಿಲ್ಲ, ಗಟ್ಟಿಯಾಗಿ ಗುಂಯ್‌ಗುಡುತ್ತ ತೂಗಾಡುತ್ತಾಳೆ. ಒಳಗೆ ಎಲ್ಲರೂ ತಿರುಗಿ ನೋಡುತ್ತಾರೆ ಎಂದು ತಾಯಿ ಬರುವುದನ್ನು ನಿಲ್ಲಿಸಿದ್ದಳು. ಗಿಡದ ಕೆಳಗೆ ಮಂಜರಿ ಎಷ್ಟು ಗುಂಯ್‌ಗುಟ್ಟಿದರೂ ಸುವಕ್ಕನ ಹಾಡಿನಲ್ಲಿ ಮುಚ್ಚಿಹೋಗುತ್ತಿತ್ತು. ಚರ್ಚಿನಿಂದ ಸದ್ದಿಲ್ಲದೆ ಉದುರಿಹೋದವರು ಒಬ್ಬೊಬ್ಬರಾಗಿ ಅಲ್ಲಿ ಬಂದು ಸೇರಿದರು. ಪಾಳಕರು ಬೋಧನೆಯ ಪ್ರಸಂಗವನ್ನು ಬಾಗಿಲಲ್ಲಿ ನಿಂತು ಹೇಳತೊಡಗಿದರು, ಅರ್ಧ ಒಳಗೆ ನೋಡಿ, ಅರ್ಧ ಹೊರಗೆ ನೋಡಿ.

ಮಳೆ ಮುಗಿಯುತ್ತಿದ್ದ ಒಂದು ರವಿವಾರ ಉಪಾಸನೆಯಾದ ಮೇಲೆ ಮಾಸ್ತರರು ಗಿಡದ ಕೆಳಗೆ ಬಂದರು. ಆರು ತಿಂಗಳಲ್ಲಿ ಅವರು ಅವಳೊಡನೆ ಮಾತಾಡಿರಲಿಲ್ಲ. ನಾನು ಜಗಳಕ್ಕೆ ಸಿದ್ಧಳಾಗಿಯೇ ಇದ್ದೆ. ಅವರು ಜಗಳಕ್ಕೆ ಬಂದಿರಲಿಲ್ಲ. ಇಷ್ಟು ವರ್ಷ ಹೊತ್ತದ್ದಕ್ಕೆ ನಿನಗೆ ಒಂದು ಸಲವೂ ಸಂತೋಷವಾಗಲಿಲ್ಲವೇ ಎಂದು ಕೇಳಿದರು. ಆಗುತ್ತಿತ್ತು ಎಂದಳು ಸುವಕ್ಕ, ನಿಮ್ಮ ಕೈ ಗಟ್ಟಿ ಎಂದು ನನಗೆ ಗೊತ್ತು, ಆದರೆ ಪ್ರತಿ ಸಲ ಅಂಜಿಕೆಯೂ ಆಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು, ನಿಮಗೆ ನೋವಾಗುತ್ತದೆ ಎಂದು ಬಾಯಿ ಬಿಡಲಿಲ್ಲ. ಆಮೇಲೆ ಅವಳು ಪಿನ್ನಿನ ಸಂಗತಿ ಹೇಳಿದಳು. ಮಾಸ್ತರರು ಬೇವಿನ ಬೇರಿನ ಮೇಲೆ ಕುಳಿತುಬಿಟ್ಟರು. ಆ ಫ್ಲೆಕ್ಸನ್ನು ತಾವೇ ನಿಂತು ಕಟ್ಟಿಸಿದ್ದು ಅವರಿಗೆ ನೆನಪಾಗಿರಬೇಕು.

ಸುವಕ್ಕ, ನಿಮ್ಮ ಅಜ್ಜ ಹೆಸರನ್ನು ಗೋಡೆಗೆ ಕೆತ್ತಿಸದೆ ಮೆಟ್ಟಿಲಿಗೆ ಯಾಕೆ ಕೆತ್ತಿಸಿದರು ಎಂದು ಕೇಳಿದಳು. ಅಜ್ಜನ ಮಾತು ಬಂದ ಕೂಡಲೇ ಮಾಸ್ತರರ ಮುಖದಲ್ಲಿ ಸ್ವಲ್ಪ ಜೀವ ಬಂತು. ಕಲ್ಲು ಕಟ್ಟುವ ಗೌಂಡಿ ಗೋಡೆಗೇ ಕೆತ್ತುತ್ತೇನೆ ಎಂದಿದ್ದನಂತೆ. ಅಜ್ಜ ಕೇಳಲಿಲ್ಲ. ಗೋಡೆಯ ಮೇಲಿನ ಹೆಸರನ್ನು ಜನ ತಲೆಯೆತ್ತಿ ನೋಡಬೇಕಾಗುತ್ತದೆ, ನಾನು ಅಷ್ಟು ದೊಡ್ಡವನಲ್ಲ, ಈ ಸಭೆಯ ಪ್ರತಿಯೊಬ್ಬರೂ ನನ್ನ ಹೆಸರು ತುಳಿದು ದೇವರ ಹತ್ತಿರ ಹೋಗಲಿ ಎಂದು ಹಟ ಹಿಡಿದು ಮೆಟ್ಟಿಲಿಗೆ ಕೆತ್ತಿಸಿದರಂತೆ. ಈ ಮಾತನ್ನು ಮಾಸ್ತರರು ಎಷ್ಟೋ ಸಲ ಸಭೆಯಲ್ಲೂ ಹೇಳಿದ್ದರು. ಹೇಳುವಾಗಲೆಲ್ಲ ಹೆಮ್ಮೆಪಡುತ್ತಿದ್ದರು.

ಸುವಕ್ಕ ಮೆಟ್ಟಿಲ ಕಡೆಗೆ ನೋಡುತ್ತ ಹೇಳಿದಳು.

“ಮಾಸ್ತರ್ರ, ನಾ ಹುಟ್ಟಿದಾಗಿಂದ ಈ ಸಭಾದಾಕಿ. ಆ ಹೆಸರಿನ ಮ್ಯಾಲ ನಾ ಒಂದ ಸಲನೂ ಹೋಗಿಲ್ಲ. ಮೊದಲ ಅಪ್ಪ, ಆಮ್ಯಾಲ ನೀವು, ನನ್ನ ಅದರ ಮ್ಯಾಲಿಂದ ಎತ್ತಿ ದಾಟಿಸೀರಿ. ಅಜ್ಜಾರ ಲೆಕ್ಕದಾಗ ನಾ ಒಬ್ಬಾಕಿ ಕಡಿಮಿ ಬಿದ್ದೇನಿ. ಕಾಲ ಅಂತೂ ಬೀಳೂದಿಲ್ಲ. ಗಾಲಿ ಬಿದ್ದರ ಅಜ್ಜಾರು ಬ್ಯಾಡ ಅಂದಾರೇನ್ರಿ?”

ಮಾಸ್ತರರು ಎದ್ದು, ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಲ ಹತ್ತಿರ ಹೋಗಿ ಆ ಕಲ್ಲನ್ನು ನೋಡುತ್ತ ನಿಂತರು. ಬಗ್ಗಿ ಅಕ್ಷರಗಳ ಮೇಲಿನ ಮಣ್ಣನ್ನು ಕೈಯಿಂದ ಒರೆಸಿದರು. ಆಮೇಲೆ ಯಾರಿಗೂ ಹೇಳದೆ ಮನೆಗೆ ಹೋದರು. ನಾನು ಮುಗಿಯಿತು, ಇನ್ನು ಇವರು ಜನ್ಮದಲ್ಲಿ ಒಪ್ಪುವುದಿಲ್ಲ ಎಂದೆ. ಸುವಕ್ಕ ನನ್ನ ಕೈಯಿಂದ ಶೇಂಗಾ ಪುಡಿಕೆ ಕಸಿದುಕೊಂಡು, ನಿಮಗೆ ಮಾಸ್ತರರು ಗೊತ್ತಿಲ್ಲ ಎಂದಳು.

ಆ ವಾರದ ನಡುವೆ ಕೋರ್ಟು ಬಿಟ್ಟು ಬರುವಾಗ ಚರ್ಚಿನ ಅಂಗಳದಿಂದ ಕಬ್ಬಿಣ ಕಲ್ಲಿಗೆ ಬಡಿಯುವ ಸದ್ದು ಕೇಳಿಸಿತು. ಒಳಗೆ ಹೋಗಿ ನೋಡಿದರೆ ಗೌಂಡಿ ಮಲ್ಲಯ್ಯ ಬೀಡಿ ಹಿಡಿದು ಸುಮ್ಮನೆ ಕುಳಿತಿದ್ದಾನೆ. ಹಾರೆ ವಿಶ್ವಾಸ ಮಾಸ್ತರರ ಕೈಯಲ್ಲಿದೆ. ಇಸ್ತ್ರಿ ಅಂಗಿಯ ತೋಳು ಮಡಚಿದ್ದಾರೆ, ಬೆನ್ನೆಲ್ಲ ಬೆವರು. ಮೊದಲನೆಯ ಪೆಟ್ಟು ನಾನೇ ಹಾಕುತ್ತೇನೆ, ನೀನು ಹಾಕಬೇಡ ಎಂದು ಮಲ್ಲಯ್ಯನಿಗೆ ಹೇಳಿದ್ದರಂತೆ. ಮೊದಲನೆಯದು ಹಾಕಿದ ಮೇಲೂ ಹಾಕುತ್ತಲೇ ಹೋದರು. ಅಜ್ಜನ ಕಲ್ಲು ಸಡಿಲಾಗಿ ಎದ್ದಾಗ ಹಾರೆ ಬಿಟ್ಟು, ಅದನ್ನು ಎರಡೂ ಕೈಯಿಂದ ತಬ್ಬಿ ಹಿಡಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಆ ಮನುಷ್ಯನ ಮೇಲೆ ಅಷ್ಟು ದಿನ ಸಾಕಿದ್ದ ಸಿಟ್ಟೆಲ್ಲ ಅಲ್ಲೇ ಕರಗಿತು.

ಮುಂದಿನ ಪ್ರಭುಭೋಜನದ ರವಿವಾರದ ಹೊತ್ತಿಗೆ ಇಳಿಜಾರು ಸಿದ್ಧವಾಗಿತ್ತು. ಏರು ಕಡಿದಾಗಬಾರದೆಂದು ಮಲ್ಲಯ್ಯ ಅದನ್ನು ಅರ್ಧ ಅಂಗಳದವರೆಗೆ ಎಳೆದಿದ್ದ. ಗೊಲ್ಲಾಳಪ್ಪನ ಕಲ್ಲನ್ನು ಬಾಗಿಲ ಬಾಯಿಯಲ್ಲೇ, ನೆಲಕ್ಕೆ ಸಮನಾಗಿ, ಹೆಸರು ಮೇಲೆ ಕಾಣುವಂತೆ ಹಾಸಿದ್ದರು. ಎಲ್ಲರೂ ಸುವಕ್ಕನ ದಾರಿ ನೋಡುತ್ತ ಎರಡೂ ಬದಿ ನಿಂತಿದ್ದರು. ಅವಳು ಬಂದವಳೇ ಕಾಶೀಬಾಯಿಯನ್ನು ಹುಡುಕಿ, ಮೊದಲು ನೀವು ನಡೆಯಿರಿ ಎಂದಳು. ಮುದುಕಿ ಕೋಲೂರಿಕೊಂಡು, ಒಂದೊಂದೇ ಹೆಜ್ಜೆ, ಯಾರ ಕೈಯನ್ನೂ ಹಿಡಿಯದೆ ಮೇಲೆ ಹೋದರು. ಮಂಜರಿ ಅದೇ ಇಳಿಜಾರಿನಲ್ಲಿ ಎರಡು ಸಲ ಓಡಿ ಹತ್ತಿ ಇಳಿದಳು. ಆಮೇಲೆ ಸುವಕ್ಕ.

ಅವಳ ಸೀರೆಗೆ ಆವತ್ತು ಕೆಳಗೆ ಪಿನ್ನಿರಲಿಲ್ಲ. ತಲೆಯಲ್ಲಿ ಅಬ್ಬಲಿಗೆ ಹೂವಿತ್ತು. ಮೋಟಾರು ಬಿಚ್ಚಿ ಬಿಚ್ಚಿ ಗಟ್ಟಿಯಾದ ತೋಳುಗಳಿಂದ ಗಾಲಿ ದೂಡುತ್ತ ಹೋದಳು. ಮೇಲಿನ ತುದಿಯಲ್ಲಿ ಖುರ್ಚಿ ಒಂದಿಷ್ಟು ನಿಧಾನವಾಯಿತು. ಹಳೆಯ ನಾಲ್ವರ ಕೈಗಳೂ ತಾವಾಗಿಯೇ ಮುಂದೆ ಬಂದವು, ಮಾಸ್ತರರದೂ ಬಂತು. ಯಾರೂ ಮುಟ್ಟಲಿಲ್ಲ. ಅವಳು ಉಸಿರು ಹಿಡಿದು ಇನ್ನೊಂದು ಸಲ ದೂಡಿದಳು. ಗಾಲಿ ಗೊಲ್ಲಾಳಪ್ಪನ ಹೆಸರನ್ನು ದಾಟಿ ಒಳಗೆ ಹೋಯಿತು. ನಾನು ಕಣ್ಣೊರೆಸಿಕೊಂಡು ಹಿಂದಿನಿಂದ ಹೋಗಿ ಕೊನೆಯ ಬೆಂಚಿನ ಮೇಲೆ ಕುಳಿತೆ. ವಿಭೂತಿ ನೋಡಿ ಯಾರೂ ಏನೂ ಅನ್ನಲಿಲ್ಲ, ಒಬ್ಬಳು ಹುಡುಗಿ ಹಾಡಿನ ಪುಸ್ತಕ ತಂದು ಕೈಗಿಟ್ಟಳು.

ಪ್ರಭುಭೋಜನಕ್ಕೆ ಕರೆದಾಗ ಸುವಕ್ಕ ನಡುದಾರಿಯಲ್ಲಿ ಗಾಲಿ ಉರುಳಿಸಿಕೊಂಡು ಕಟಕಟೆಯವರೆಗೆ ಹೋದಳು. ಉಳಿದವರು ಅವಳ ಎರಡೂ ಬದಿ ಮಂಡಿಯೂರಿದರು. ಹಿಂದಿನಿಂದ ನೋಡುತ್ತಿದ್ದ ನನಗೆ ಆಗಲೇ ಕಂಡದ್ದು, ಮಂಡಿಯೂರಿದರೆ ಅವರೆಲ್ಲರ ತಲೆ ಸುವಕ್ಕನ ತಲೆಯ ಸಮಕ್ಕೆ ಬರುತ್ತದೆ. ಸಾಲಿನಲ್ಲಿ ಯಾರು ಖುರ್ಚಿಯಲ್ಲಿ, ಯಾರು ಮಂಡಿಯೂರಿ ಎಂದು ಗೊತ್ತಾಗದ ಹಾಗಿತ್ತು. ಆಶಿಷ ಪಾಳಕರು ರೊಟ್ಟಿ ಕೊಡುತ್ತ ಬಂದರು. ಮಂಡಿಯೂರಲಾಗದೆ ಸ್ಟೂಲಿನ ಮೇಲೆ ಕುಳಿತಿದ್ದ ಕಾಶೀಬಾಯಿಗೆ ಕೊಟ್ಟರು, ಸುವಕ್ಕನಿಗೆ ಕೊಟ್ಟರು, ಅವಳ ಪಕ್ಕದಲ್ಲಿದ್ದ ವಿಶ್ವಾಸ ಮಾಸ್ತರರಿಗೆ ಕೊಟ್ಟರು. ಯಾರೂ ಕತ್ತು ತಿರುಗಿಸಿ ನೋಡಲಿಲ್ಲ. ಅವಳು ಅಷ್ಟು ತಿಂಗಳ ಹಸಿವಿನ ಮೇಲೆ ಆ ತುಣುಕನ್ನು ಬಾಯಲ್ಲಿಟ್ಟು ಕಣ್ಣು ಮುಚ್ಚಿದಳು.

ಸಾಲು ಎದ್ದಿತು. ಮಾಸ್ತರರು ಮಾತ್ರ ಏಳಲಿಲ್ಲ. ವಾರವಿಡೀ ಕಲ್ಲು ಎತ್ತಿದ ಸೊಂಟ, ವಯಸ್ಸಾದ ಮಂಡಿ. ಒಂದು ಸಲ ಪ್ರಯತ್ನಪಟ್ಟು ಮತ್ತೆ ಕುಸಿದರು. ಆಧಾರಕ್ಕೆಂದು ಅವರ ಕೈ ತಡಕಾಡಿ ಸುವಕ್ಕನ ಖುರ್ಚಿಯ ತೋಳಿಗೆ ಸಿಕ್ಕಿತು. ಖುರ್ಚಿ ಕೊಂಚ ಹಿಂದೆ ಸರಿದ ಕೂಡಲೇ ಅವರು ಗಾಬರಿಯಾಗಿ ಕೈ ತೆಗೆದುಬಿಟ್ಟರು. ಸುವಕ್ಕ ಬಗ್ಗಿ ಎರಡೂ ಕಡೆ ಕಟ್ ಕಟ್ ಎನ್ನಿಸಿದಳು. ನಿಶ್ಶಬ್ದದಲ್ಲಿ ಅವಳ ಮಾತು ಕೊನೆಯ ಬೆಂಚಿನವರೆಗೂ ಕೇಳಿಸಿತು.

“ಬ್ರೇಕ್ ಹಾಕೇನ್ರಿ, ಮಾಸ್ತರ್ರ. ಭಾರ ಹಾಕಿ ಏಳ್ರಿ.”

ಮಾಸ್ತರರು ಅವಳ ಖುರ್ಚಿಯ ಮೇಲೆ ಪೂರ್ತಿ ಭಾರ ಹಾಕಿ ಎದ್ದು ನಿಂತರು.